ನಿರ್ಣಯದ ಕೆಳಗಿನ ಎರಡನೇ ಹೆಸರು

ನಮ್ಮ ಕಡೆ ಯಾವ ಸಭೆಯಾದರೂ ಆಗಲಿ, ನಿರ್ಣಯ ಬರೆದ ಮೇಲೆ ಅದರ ಕೆಳಗೆ ಎರಡು ಹೆಸರು ಬೇಕು. ಒಂದು ಸೂಚಿಸಿದವರದ್ದು, ಇನ್ನೊಂದು ಅನುಮೋದಿಸಿದವರದ್ದು. ಹಾಲಿನ ಸೊಸೈಟಿಯಿರಲಿ, ಶಾಲೆಯ ಹಳೆ ವಿದ್ಯಾರ್ಥಿಗಳ ಸಂಘವಿರಲಿ, ಭಜನಾ ಮಂದಿರದ ಸಮಿತಿಯಿರಲಿ, ಕ್ರಮ ಒಂದೇ. ಆ ಇಬ್ಬರನ್ನು ಕೇಳುವ ಪದ್ಧತಿ ಮಾತ್ರ ಇಲ್ಲ. ಸಭೆ ಮುಗಿದು ಜನ ಚಾ ಕುಡಿದು ಹೋದ ಮೇಲೆ ಬರೆಯುವವನು ಪುಸ್ತಕ ತೆರೆದು, ಯಾರ ಹೆಸರು ಹಾಕಿದರೆ ಚಂದ ಎಂದು ಯೋಚಿಸಿ ಹಾಕುತ್ತಾನೆ. ಮರುದಿನ ಪೇಟೆಯಲ್ಲಿ ಸಿಕ್ಕಿದಾಗ "ನಿಮ್ಮದೊಂದು ಹೆಸರು ಹಾಕಿದ್ದೇನೆ ಆಯ್ತಾ" ಎಂದರೆ ಅವರಿಗೂ ಖುಷಿ. ಪ್ರಾಥಮಿಕ ಶಾಲೆಯಲ್ಲಿ ಮಾಷ್ಟ್ರಾಗಿದ್ದು ನಿವೃತ್ತನಾದ ನನಗೆ ಊರು ಕೊಟ್ಟ ಕೆಲಸ ಈ ಬರವಣಿಗೆ. ಎಷ್ಟು ಜನರಿಂದ ಎಂತೆಂಥದ್ದನ್ನೆಲ್ಲ ಅನುಮೋದನೆ ಮಾಡಿಸಿದ್ದೇನೋ ಆ ದೇವರಿಗೇ ಗೊತ್ತು. ಒಮ್ಮೆಯಂತೂ ಮಂಗಳೂರಿನ ಆಸ್ಪತ್ರೆಯಲ್ಲಿ ಮಲಗಿದ್ದವರೊಬ್ಬರು ನನ್ನ ಪುಸ್ತಕದಲ್ಲಿ ಎದ್ದು ನಿಂತು ಧನ್ಯವಾದ ಸಮರ್ಪಿಸಿದ್ದರು.

ಇದನ್ನು ತಮಾಷೆಯಾಗಿ ಹೇಳುತ್ತಿದ್ದೇನೆ. ತಮಾಷೆಯಾಗಿ ಹೇಳಿದರೆ ನಾಚಿಕೆ ಸ್ವಲ್ಪ ಇಳಿದೀತೋ ಎಂಬ ಆಸೆ. ಇಳಿಯುವುದಿಲ್ಲ ಎಂದೂ ಗೊತ್ತು.

ಪಶ್ಚಿಮ ಘಟ್ಟದ ಸೂಕ್ಷ್ಮ ಪ್ರದೇಶದ ಪಟ್ಟಿಯಲ್ಲಿ ನಮ್ಮ ಗ್ರಾಮದ ಹೆಸರೂ ಇದೆ ಎಂಬ ಸುದ್ದಿ ಮತ್ತೊಮ್ಮೆ ಬಂದಾಗ ಊರು ಕೊತಕೊತ ಕುದಿಯತೊಡಗಿತು. ಸುಳ್ಯದಿಂದ ಕಡಬದವರೆಗೆ ಯಾವ ಅಂಗಡಿಗೆ ಹೋದರೂ ಅದೇ ಮಾತು. ಅಡಕೆ ತೋಟ ಕಡಿಸುತ್ತಾರಂತೆ, ಮಾಡಿನ ಹಂಚು ಬದಲಾಯಿಸಲಿಕ್ಕೂ ಪರವಾನಗಿ ಬೇಕಂತೆ, ಹಟ್ಟಿಯಲ್ಲಿ ಎರಡು ದನಕ್ಕಿಂತ ಹೆಚ್ಚು ಕಟ್ಟುವ ಹಾಗಿಲ್ಲವಂತೆ, ಕೊನೆಗೆ ಎಲ್ಲರನ್ನೂ ಎಬ್ಬಿಸಿ ಕಳಿಸುತ್ತಾರಂತೆ. ಇಷ್ಟು ಅಂತೆಗಳ ನಡುವೆ ಸರಕಾರದ ಆ ಕರಡು ಅಧಿಸೂಚನೆಯನ್ನು ಕೂತು ಓದಿದವನು ಊರಿನಲ್ಲಿ ಬಹುಶಃ ನಾನೊಬ್ಬನೇ. ಗಣಿ, ಕಲ್ಲಿನ ಕೋರೆ, ಮರಳು ತೆಗೆಯುವುದು, ವಿಷ ಬಿಡುವ ಕಾರ್ಖಾನೆ, ಇವಕ್ಕೆ ತಡೆ ಎಂದಿತ್ತು. ಅಡಕೆ ತೋಟ ಕಡಿಯಬೇಕು ಎಂದು ನನಗೆ ಎಲ್ಲೂ ಕಾಣಲಿಲ್ಲ. ಹೆದರಿಕೆ ಇರಲಿಲ್ಲ ಎಂದಲ್ಲ. ಇವತ್ತು ಕೋರೆ ಬೇಡ ಎಂದವರು ನಾಳೆ ತೋಟ ಬೇಡ ಎಂದರೆ ಯಾರನ್ನು ಕೇಳುವುದು ಎಂಬ ಸಂಶಯ ನನಗೂ ಇತ್ತು. ಆದರೆ ಓದಿದ್ದನ್ನು ಓದಿದ ಹಾಗೆ ಹೇಳಬಹುದಿತ್ತು. ಹೇಳಲಿಲ್ಲ. ಹಾಗೆ ಹೇಳಿದವನಿಗೆ ಯಾರು ಚಪ್ಪಾಳೆ ತಟ್ಟುತ್ತಾರೆ?

ಆಕ್ಷೇಪ ಸಲ್ಲಿಸಲಿಕ್ಕೆಂದು ಪಂಚಾಯತಿಯವರು ವಿಶೇಷ ಗ್ರಾಮ ಸಭೆ ಕರೆದರು. ಸಭಾಭವನ ತುಂಬಿ, ಜನ ಕಿಟಕಿಯ ಹೊರಗೂ ನಿಂತಿದ್ದರು. ಮೊದಲು ಎದ್ದವರು ಪಕ್ಕದ ಬೈಲಿನ ಒಬ್ಬ ಕೃಷಿಕರು. ಅವರ ತೋಟಕ್ಕೆ ಹಳದಿ ರೋಗ ಬಂದು ಹತ್ತು ವರ್ಷದಲ್ಲಿ ಒಂದೊಂದೇ ಮರದ ತಲೆ ಕಳಚಿ, ಈಗ ನಿಂತಿರುವುದು ಬರೀ ಕಂಬಗಳು. ಅವರಿಗೆ ತೋಡಿನ, ಎಂದರೆ ನಮ್ಮೂರ ಸಣ್ಣ ಹಳ್ಳದ, ಮೇಲಿನ ಗುಡ್ಡೆಯಲ್ಲಿ ಸ್ವಲ್ಪ ಜಾಗ ಇದೆ. ಅದನ್ನು ಕೆಂಪುಕಲ್ಲಿನ ಕೋರೆಗೆ ಕೊಡುವ ಮಾತುಕತೆ ನಡೆಯುತ್ತಿತ್ತು.

"ನನ್ನ ತೋಟ ಹೋದಾಗ ಯಾವ ಪರಿಸರದವರೂ ಬರ್ಲಿಲ್ಲ," ಎಂದರು. "ಈಗ ನಾನು ಗುಡ್ಡೆಯಿಂದ ನಾಲ್ಕು ಕಲ್ಲು ತೆಗೀತೇನೆ ಅಂದ್ರೆ ಎಲ್ಲರಿಗೂ ಕಾಡು ನೆನಪಾಗ್ತದೆ. ನಾವು ಎಂತ ತಿನ್ನುದು ಮಾರಾಯ್ರೆ, ಗಾಳಿಯಾ?"

ಅವರ ಮಾತು ಸುಳ್ಳಲ್ಲ. ಇವತ್ತಿಗೂ ಅದು ಸುಳ್ಳೆಂದು ನಾನು ಹೇಳಲಾರೆ.

ಆಮೇಲೆ ನಾನು ಎದ್ದೆ. ಬಾಯಿ ಬಿಟ್ಟರೆ ಸಾಕು, ನನಗೆ ಮಾತು ತನ್ನಷ್ಟಕ್ಕೆ ಬರುತ್ತದೆ. ಎಲ್ಲಿಯೋ ವಿಮಾನ ಹಾರಿಸುವವರ ಹೊಗೆಗೆ ನಮ್ಮ ಅಡಕೆ ಯಾಕೆ ಉತ್ತರ ಕೊಡಬೇಕು ಎಂದೆ. ತಣ್ಣಗಿನ ಕೋಣೆಯಲ್ಲಿ ಕೂತು ನಕ್ಷೆಗೆ ಬಣ್ಣ ಹಚ್ಚುವವರಿಗೆ ನಮ್ಮ ತೋಡು ಎಲ್ಲಿ ಹುಟ್ಟಿ ಎಲ್ಲಿ ಸೇರುತ್ತದೆಂದು ಗೊತ್ತುಂಟಾ ಎಂದೆ. ಹೊಟ್ಟೆ ತುಂಬಿದವರಿಗೆ ಹವಾಮಾನದ ಚಿಂತೆ, ನಮಗೆ ನಾಳೆಯ ಚಿಂತೆ ಎಂದೆ. ಎರಡೆರಡು ಸಲ ಚಪ್ಪಾಳೆ ಬಿತ್ತು. ಅಡಕೆ ಅಂಗಳದಲ್ಲಿ ಒಣಗಲು ಹಾಕಿದ ಮೇಲೆ ಬರುವ ಅಕಾಲದ ಮಳೆಗೆ ದಿನಾ ಬೊಬ್ಬೆ ಹೊಡೆಯುವವನು ನಾನು. ಕೊಳೆರೋಗಕ್ಕೆ ಮದ್ದು ಬಿಟ್ಟು ಬಿಟ್ಟು ಸಾಕಾಗಿ, ಮೊದಲಿನ ಮಳೆ ಹೀಗಿರಲಿಲ್ಲ ಮಾರಾಯ್ರೆ ಎಂದು ಸಿಕ್ಕಿದವರ ತಲೆ ತಿನ್ನುವವನು ನಾನು. ಅದೆಲ್ಲ ಆ ಹೊತ್ತಿಗೆ ಎಲ್ಲಿ ಹೋಯಿತೋ! ಚಪ್ಪಾಳೆ ಕೇಳಿದರೆ ನನ್ನ ತಲೆ ನಿಲ್ಲುವುದಿಲ್ಲ.

ಆಗ ಹೆಂಗಸರ ಸಾಲಿನಿಂದ ಅಕ್ಕ ಎದ್ದರು.

ಅಕ್ಕ ಎಂದರೆ ನನ್ನ ಒಡಹುಟ್ಟಿದವರಲ್ಲ. ನಮ್ಮ ತೋಟ ತೋಡಿನ ಮೇಲ್ಭಾಗದಲ್ಲಿ, ಅವರ ಮನೆ ಅದೇ ತೋಡಿನ ಕೆಳಗೆ. ನನಗಿಂತ ಏಳೆಂಟು ವರ್ಷ ದೊಡ್ಡವರು. ಎರಡು ಎಕರೆ ತೋಟ, ಸುಳ್ಯದಲ್ಲಿ ರಿಕ್ಷಾ ಓಡಿಸುವ ಮಗ, ಸೊಸೆ. ಮಗ ನನ್ನ ಶಾಲೆಯಲ್ಲೇ ಕಲಿತವನು. ಪ್ರತಿ ವರ್ಷ ಡಿಸೆಂಬರ್ ಹೊತ್ತಿಗೆ ತೋಡಿನ ನೀರು ಇಳಿಯುವಾಗ ನಾಲ್ಕು ಮನೆಯವರು ಸೇರಿ ಕಲ್ಲು, ಮಣ್ಣು, ಅಡಕೆ ಮರ ಸೀಳಿ ಮಾಡಿದ ಸಲಿಕೆ ಹಾಕಿ ಅಡ್ಡಕ್ಕೆ ಕಟ್ಟ ಕಟ್ಟುತ್ತೇವೆ. ಅದರಲ್ಲಿ ನೀರು ನಿಂತರೆ ಅಕ್ಕಪಕ್ಕದ ಬಾವಿಗಳಿಗೆ ಮೇ ತಿಂಗಳವರೆಗೆ ಜೀವ. ಆ ಕಟ್ಟಕ್ಕೆ ದಿನ ಗೊತ್ತು ಮಾಡುವುದು, ಜನ ಕರೆಯುವುದು, ಬಾರದವರ ಅಂಗಳಕ್ಕೆ ಹೋಗಿ ಎಬ್ಬಿಸಿ ತರುವುದು ಎಲ್ಲ ಅಕ್ಕನೇ. ಸಭೆಯಲ್ಲಿ ಎದ್ದು ಮಾತಾಡಿದ್ದನ್ನು ಮಾತ್ರ ನಾನು ಅದಕ್ಕೆ ಮೊದಲು ನೋಡಿರಲಿಲ್ಲ.

"ನನಗೆ ಮಾಷ್ಟ್ರ ಹಾಗೆ ಮಾತಾಡ್ಲಿಕ್ಕೆ ಬರುದಿಲ್ಲ," ಎಂದರು. "ತೋಟ ಬೇಕು, ಮನೆ ಬೇಕು, ರಸ್ತೆಯೂ ಬೇಕು. ಅದನ್ನು ತೆಗೀಲಿಕ್ಕೆ ಬಂದ್ರೆ ನಾನೂ ಕತ್ತಿ ಹಿಡ್ಕೊಂಡು ಬರ್ತೇನೆ. ಆದ್ರೆ ಗುಡ್ಡೆಯಲ್ಲಿ ಕೋರೆ ಮಾಡಿದ್ರೆ ಅದರ ಮಣ್ಣು ಎಲ್ಲಿಗೆ ಬರುದು? ತೋಡಿಗೆ. ತೋಡಿನಿಂದ ನನ್ನ ಬಾವಿಗೆ. ಕೋರೆ ಬೇಡ ಅನ್ನುವಷ್ಟಕ್ಕೆ ಈ ಕಾನೂನು ಬರ್ಲಿ. ಎಲ್ಲವನ್ನೂ ಒಟ್ಟಿಗೆ ಬೇಡ ಅಂತ ಬರೆದು ಕಳಿಸಿದ್ರೆ ಕೋರೆಗೂ ನಾವೇ ಒಪ್ಪಿದ ಹಾಗಾಗುದಿಲ್ವಾ?"

ಇಡೀ ಸಭೆಯಲ್ಲಿ ಲೆಕ್ಕಕ್ಕೆ ಬರುವ ಮಾತು ಅದೊಂದೇ ಆಗಿತ್ತು. ನನಗೆ ಆಗಲೇ ಗೊತ್ತಾಗಿತ್ತು. ಗೊತ್ತಾದದ್ದರಿಂದಲೇ ಸಿಟ್ಟು ಬಂದದ್ದು. ನಾನು ಅಷ್ಟು ಹೊತ್ತು ಕಟ್ಟಿದ್ದನ್ನು ಇವರು ಎರಡು ಮಾತಿನಲ್ಲಿ ಬಿಚ್ಚಿ ಹಾಕುವುದೆಂದರೆ!

"ಅಕ್ಕಾ, ಪರಿಸರದ ಮೇಲೆ ಅಷ್ಟು ಪ್ರೀತಿ ಉಂಟಾದ್ರೆ ಒಂದು ಕೆಲ್ಸ ಮಾಡಿ," ಎಂದೆ. "ನಾಳೆಯಿಂದ ಪಂಪ್ ಬಂದ್ ಮಾಡಿ ಕೊಡಪಾನದಲ್ಲಿ ತೋಟಕ್ಕೆ ನೀರು ಹೊಯ್ಯಿರಿ. ಭೂಮಿ ತಂಪಾಗ್ತದೆ, ನಿಮ್ಮ ಸೊಂಟವೂ ಸಪೂರ ಆಗ್ತದೆ."

ಸಭಾಭವನ ಬಿದ್ದು ಬಿದ್ದು ನಕ್ಕಿತು. ಕಿಟಕಿಯ ಹೊರಗಿನವರು ಕೂಡ ನಕ್ಕರು. ಎಪ್ಪತ್ತರ ಹತ್ತಿರ ಬಂದ ಹೆಂಗಸಿಗೆ, ನನ್ನ ಅಮ್ಮನ ಬಾಣಂತನಕ್ಕೆ ಯಾರ ಅಮ್ಮ ಬಂದು ಕೂತಿದ್ದರೋ ಆ ಹೆಂಗಸಿಗೆ, ಊರೆಲ್ಲ ಕೇಳುವಂತೆ ನಾನು ಹೇಳಿದ್ದು ಆ ಮಾತು. ಬರೆಯುವಾಗ ಈಗಲೂ ಕಿವಿ ಬಿಸಿಯಾಗುತ್ತದೆ.

ಅಕ್ಕ ನಗೆ ಮುಗಿಯುವವರೆಗೆ ನಿಂತೇ ಇದ್ದರು. "ನಗಾಡಿ, ತೊಂದರೆ ಇಲ್ಲ. ನನ್ನದೊಂದು ಒಪ್ಪಿಗೆ ಇಲ್ಲ ಅಂತ ಬರೆದುಕೊಳ್ಳಿ ಮಾಷ್ಟ್ರೆ. ನನಗೆ ಅಷ್ಟು ಸಾಕು."

"ಬರೀತೇನೆ ಅಕ್ಕ," ಎಂದೆ.

ಜನ ಹೋದ ಮೇಲೆ ನಾನು, ಅಧ್ಯಕ್ಷರು, ಕಾರ್ಯದರ್ಶಿ ಮೂವರೇ ಉಳಿದೆವು. ಬರೆಯುವ ಕೆಲಸ ಕಾರ್ಯದರ್ಶಿಯದ್ದೇ. ಆದರೆ ಮೇಲಕ್ಕೆ ಹೋಗುವ ಕಾಗದ, ಭಾಷೆ ಗಟ್ಟಿಯಿರಲಿ ಎಂದು ಪುಸ್ತಕವನ್ನು ನನ್ನ ಕಡೆ ಸರಿಸಿದರು. ಅಧ್ಯಕ್ಷರು ಹೇಳಿದರು: "ಸರ್ವಾನುಮತ ಅಂತಲೇ ಬರ್ಲಿ. ಒಂದು ವಿರೋಧ ಅಂತ ಕಂಡ್ರೆ ಅದನ್ನೇ ಹಿಡ್ಕೊಂಡು ನೇತಾಡ್ತಾರೆ. ಮತ್ತೆ ಅನುಮೋದನೆಗೆ ಹೆಂಗಸರದ್ದೊಂದು ಹೆಸರು ಹಾಕಿ ಮಾಷ್ಟ್ರೆ, ಚಂದ ಕಾಣ್ತದೆ."

ಸೂಚಿಸಿದವರು ಎಂದು ಪಕ್ಕದ ಬೈಲಿನ ಕೃಷಿಕರ ಹೆಸರು ಹಾಕಿದೆ. ಹೆಂಗಸರ ಹೆಸರಿಗೆ ಬಂದಾಗ ಪೆನ್ನು ನಿಂತಿತು. ಹಿಂದಿನ ಸಾಲುಗಳಲ್ಲಿ ಐವತ್ತು ಹೆಂಗಸರು ಕೂತಿದ್ದರು. ಅಷ್ಟು ವರ್ಷ ಊರಿನ ಮಕ್ಕಳಿಗೆ ಪಾಠ ಹೇಳಿದ ನನಗೆ ಅವರಲ್ಲಿ ಒಬ್ಬರ ಪೂರ್ತಿ ಹೆಸರೂ ಗೊತ್ತಿರಲಿಲ್ಲ. ಇಂಥವರ ಹೆಂಡತಿ, ಇಂಥವನ ಅಮ್ಮ ಎಂದಷ್ಟೇ ಗೊತ್ತು. ಪೂರ್ತಿ ಹೆಸರು, ಗಂಡನ ಹೆಸರು, ಮನೆಯ ಹೆಸರು ಎಲ್ಲ ಗೊತ್ತಿದ್ದದ್ದು ಅಕ್ಕನದ್ದು ಮಾತ್ರ. ಎದ್ದು ಮಾತಾಡಿದ ಹೆಂಗಸೂ ಅವರೊಬ್ಬರೇ. ಹಾಜರಿ ಪುಸ್ತಕದಲ್ಲಿ ಅವರ ರುಜು ಇದ್ದೇ ಇತ್ತು. ಬರೆದುಬಿಟ್ಟೆ. ಕಾರ್ಯದರ್ಶಿ ಒಮ್ಮೆ ನನ್ನ ಮುಖ ನೋಡಿದರು. "ಹೆಸರಿಗೆ ಅಲ್ವಾ, ಎಂತ ಆಗ್ತದೆ," ಎಂದೆ.

ಆ ಸಲ ಮಾತ್ರ, ನಿಮ್ಮದೊಂದು ಹೆಸರು ಹಾಕಿದ್ದೇನೆ ಎಂದು ನಾನು ಹೇಳಲು ಹೋಗಲಿಲ್ಲ.

ಕಾನೂನಿನ ಸಂಗತಿ ಅಲ್ಲೇ ಎಳೆದಾಡುತ್ತಾ ಉಳಿಯಿತು. ಈ ಕಡೆಯವರು ಬೇಡ ಎಂದರು, ಆ ಕಡೆಯವರು ಬೇಕು ಎಂದರು, ಮತದ ಹೊತ್ತಿಗೆ ಎಲ್ಲರೂ ಬೇಡ ಎಂದರು. ಗುಡ್ಡೆಯಲ್ಲಿ ಮಾತ್ರ ಕೋರೆ ಶುರುವಾಯಿತು. ನಮ್ಮ ತೋಟ, ಕೋರೆಯ ನೀರು ತೋಡಿಗೆ ಸೇರುವ ಜಾಗಕ್ಕಿಂತ ಮೇಲೆ ಇರುವುದರಿಂದ ನನಗೆ ಕೇಳುತ್ತಿದ್ದದ್ದು ಕಲ್ಲು ಕೊಯ್ಯುವ ಯಂತ್ರದ ಕಿರ್ರೆಂಬ ಶಬ್ದವಷ್ಟೆ. ಮೊದಲ ಮಳೆಗಾಲದಲ್ಲಿ ಕೋರೆಯ ಸಡಿಲ ಮಣ್ಣೆಲ್ಲ ತೋಡಿಗೆ ಇಳಿಯಿತು. ಕಟ್ಟದ ಗುಂಡಿ ಹೂತುಹೋಯಿತು. ಎರಡನೇ ಮಳೆಗಾಲ ಮುಗಿಯುತ್ತ ಬಂದಾಗ ಅಕ್ಕ ಒಂದು ಬೆಳಿಗ್ಗೆ ನಾಲ್ಕು ಬಿಳಿ ಹಾಳೆ ಹಿಡಿದುಕೊಂಡು ನಮ್ಮ ಮನೆಗೆ ಬಂದರು.

"ಪುತ್ತೂರಿನಲ್ಲಿ ದೊಡ್ಡ ಆಫೀಸಿಗೆ ಒಂದು ಮನವಿ ಕೊಡ್ಬೇಕು ಮಾಷ್ಟ್ರೆ. ನೀವೇ ಬರೆದುಕೊಡಿ. ನಿಮ್ಮ ಹಾಗೆ ಬರೀಲಿಕ್ಕೆ ಯಾರಿದ್ದಾರೆ?"

ಆ ಕೊಡಪಾನದ ಮಾತು ಅವರು ಮರೆತಿದ್ದರೋ, ಮರೆತ ಹಾಗೆ ಮಾಡಿದರೋ ತಿಳಿಯದು. ನಾನು ಬರೆದೆ. ಬಾವಿ ಕೆಂಪಾಗಿರುವುದು, ಹೂಳು ತುಂಬಿರುವುದು, ಪಂಚಾಯತಿಯ ನಳ್ಳಿಗೆ ವಾರಕ್ಕೊಮ್ಮೆಯೂ ನೀರು ಬಾರದಿರುವುದು ಎಲ್ಲವನ್ನೂ ಚಂದ ಮಾಡಿ ಬರೆದೆ. ಕೊನೆಗೆ ಅಕ್ಕ ಹೇಳಿದರು: "ಗ್ರಾಮ ಸಭೆಯಲ್ಲಿಯೂ ನಾನು ಕೋರೆ ಬೇಡ ಅಂತಲೇ ಹೇಳಿದ್ದೇನೆ, ಅದು ಪುಸ್ತಕದಲ್ಲಿ ಉಂಟು ಅಂತ ಸೇರಿಸಿ. ನೀವೇ ಬರೆದದ್ದಲ್ವಾ."

ಒಳಗಿನಿಂದ ನನ್ನ ಹೆಂಡತಿ ಚಾ ತಂದಿಟ್ಟಳು. ಅಕ್ಕ ನನ್ನ ಪೆನ್ನನ್ನೇ ನೋಡುತ್ತಿದ್ದರು. ಹೇಳಲು ಅದಕ್ಕಿಂತ ಒಳ್ಳೆಯ ಹೊತ್ತು ಇರಲಿಲ್ಲ. ಬಾಯಿ ತೆರೆದರೆ ಮಾತು ಬರುವವನಲ್ಲವಾ ನಾನು? ಬರಲಿಲ್ಲ. "ಗ್ರಾಮ ಸಭೆಯಲ್ಲಿಯೂ ನನ್ನ ವಿರೋಧವನ್ನು ದಾಖಲಿಸಿರುತ್ತೇನೆ" ಎಂದು ಬರೆದು ಅಡಿಗೆರೆ ಕೂಡ ಎಳೆದೆ. ಇಷ್ಟು ದೊಡ್ಡ ಕಚೇರಿಯಲ್ಲಿ ಹಳೆ ಪುಸ್ತಕ ತೆಗೆದು ಯಾರು ನೋಡುತ್ತಾರೆ ಎಂದುಕೊಂಡೆ.

ಜೊತೆಗೆ ಬನ್ನಿ ಎಂದು ಕರೆದರು. ಹೋಗದಿದ್ದರೆ ಸಂಶಯ ಬಂದೀತು ಎಂದು ಹೋದೆ.

ಕಚೇರಿಯಲ್ಲಿ ನಮ್ಮನ್ನು ಕೂರಿಸಿ ಮಾತಾಡಿಸಿದ ಅಧಿಕಾರಿ ಚಿಕ್ಕ ಪ್ರಾಯದ ಹೆಣ್ಣುಮಗಳು. ತಾಳ್ಮೆಯಿಂದ ಮನವಿ ಓದಿದರು. ಅಡಿಗೆರೆ ಎಳೆದ ಸಾಲಿಗೆ ಬಂದಾಗ ನಿಂತು, ಕಡತ ತರಿಸಿ, ಒಂದು ಹಾಳೆ ಹುಡುಕಿ ತೆಗೆದರು. ಕೋರೆಯವರು ತಮ್ಮ ಅರ್ಜಿಯ ಜೊತೆ ನಮ್ಮ ಗ್ರಾಮ ಸಭೆಯ ನಿರ್ಣಯದ ಪ್ರತಿಯನ್ನು ಲಗತ್ತಿಸಿದ್ದರು.

"ಇದರಲ್ಲಿ ಬೇರೆಯೇ ಇದೆಯಲ್ಲ ಅಮ್ಮ," ಎಂದು ಓದಿ ಹೇಳಿದರು. ಸಭೆಯು ಯಾವುದೇ ನಿರ್ಬಂಧವನ್ನು ಸರ್ವಾನುಮತದಿಂದ ವಿರೋಧಿಸುತ್ತದೆ. ಅನುಮೋದಿಸಿದವರು ಎಂದು ಅಕ್ಕನ ಹೆಸರು, ಗಂಡನ ಹೆಸರು, ಮನೆಯ ಹೆಸರು.

ಅಕ್ಕನಿಗೆ ಮೊದಲು ಅರ್ಥವೇ ಆಗಲಿಲ್ಲ. ಅರ್ಥವಾದ ಮೇಲೆ ಅವರ ಮುಖದಲ್ಲಿ ಗಾಬರಿಗಿಂತ ಹೆಚ್ಚಾಗಿ ಒಂದು ಧೈರ್ಯ ಕಂಡಿತು. ಆ ಧೈರ್ಯ ನಾನು. "ಅದು ತಪ್ಪಿ ಬರೆದದ್ದಾಗಿರ್ಬೇಕು," ಎಂದರು. "ಇವ್ರೇ ಅಲ್ಲಿ ಬರೆದದ್ದು. ಇಲ್ಲೇ ಇದ್ದಾರಲ್ಲ, ಕೇಳಿ. ಹೇಳಿ ಮಾಷ್ಟ್ರೆ, ನಾನು ಬೇಡ ಅಂತಲೇ ಹೇಳಿದ್ದಲ್ವಾ?"

ಅಧಿಕಾರಿ ನನ್ನ ಕಡೆ ತಿರುಗಿದರು. ಹೌದು, ನಾನು ಸುಳ್ಳು ಬರೆದೆ ಎಂದರೆ ಮುಗಿಯುತ್ತಿತ್ತು. ಪಂಚಾಯತಿಯ ದಾಖಲೆಯಲ್ಲಿ ಸುಳ್ಳು ಬರೆಯುವುದು ಎಂತಹ ಅಪರಾಧ, ಪೊಲೀಸರು ಬರಬಹುದೋ, ಪೆನ್ಶನ್ ನಿಲ್ಲಬಹುದೋ, ಏನೇನೋ ತಲೆಯಲ್ಲಿ ಹಾದುಹೋಯಿತು.

"ಆ ದಿನ ತುಂಬಾ ಗಲಾಟೆ ಇತ್ತು ಮೇಡಂ," ಎಂದೆ. "ಯಾರು ಎಂತ ಹೇಳಿದ್ದು ಅಂತ ನನಗೆ ಸರಿಯಾಗಿ ನೆನಪಿಲ್ಲ."

ಅಕ್ಕ ಮನವಿ ಕೊಟ್ಟು, ಸೀಲು ಹಾಕಿಸಿಕೊಂಡು, ಹಾಳೆ ಮಡಚಿ ಚೀಲಕ್ಕೆ ಹಾಕಿದರು. ಸುಳ್ಯದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿನಲ್ಲಿ ಕೂತರು. ಕುಂಬ್ರ ದಾಟಿತು, ಜಾಲ್ಸೂರು ದಾಟಿತು. ಅವರು ಒಂದು ಸಲವೂ ಹಿಂದೆ ತಿರುಗಲಿಲ್ಲ. ಸುಳ್ಯದಲ್ಲಿ ಇಳಿದ ಮೇಲೆ ಚೀಲ ಕೈ ಬದಲಾಯಿಸಿಕೊಂಡು ಹೇಳಿದರು: "ಆಗ ಬರೆದದ್ದು ಹೋಗ್ಲಿ ಮಾಷ್ಟ್ರೆ. ನಾಲ್ಕು ಜನ ಹೇಳಿರ್ತಾರೆ, ನೀವು ಬರೆದಿರ್ತೀರಿ. ಇವತ್ತು ಅಲ್ಲಿ ನಾವು ಮೂರೇ ಜನ ಇದ್ದದ್ದು."

ಬೈದಿದ್ದರೆ ಒಳ್ಳೆಯದಿತ್ತು. ಊರಲ್ಲೆಲ್ಲ ಹೇಳಿಕೊಂಡು ಬಂದಿದ್ದರೂ ಒಳ್ಳೆಯದಿತ್ತು. ಅವರು ಯಾರಿಗೂ ಹೇಳಲಿಲ್ಲ. ಹೆಂಡತಿ, "ಹೋದ ಕೆಲ್ಸ ಎಂತ ಆಯ್ತು?" ಎಂದು ಕೇಳಿದ್ದಕ್ಕೆ ಅವಳ ಮೇಲೆ ರೇಗಿದೆ. ಎರಡು ವಾರ ತೋಟದ ಕೆಳಗಿನ ದಾರಿಯಲ್ಲಿ ಹೋಗುವುದನ್ನೇ ಬಿಟ್ಟೆ. ಮಕ್ಕಳಿಗೆ ಸತ್ಯದ ಪಾಠ ಮಾಡಿ ಸಂಬಳ ತೆಗೆದುಕೊಂಡ ಮನುಷ್ಯ ನಾನು, ಥೂ!

ಕೊನೆಗೆ ಒಂದು ದಿನ ಕೂತು ಹೇಳಿಕೆ ಬರೆದೆ. ಸಭೆಯಲ್ಲಿ ಇಂಥವರು ಕೋರೆಯನ್ನು ವಿರೋಧಿಸಿದ್ದು ನಿಜ, ಅವರ ಹೆಸರನ್ನು ಅವರಿಗೆ ತಿಳಿಸದೆ ಅನುಮೋದನೆಗೆ ಹಾಕಿದ್ದು ನಾನು, ಸರ್ವಾನುಮತ ಎಂಬುದು ಸುಳ್ಳು. ಒಬ್ಬನೇ ಪುತ್ತೂರಿಗೆ ಹೋಗಿ ಅದೇ ಅಧಿಕಾರಿಗೆ ಕೊಟ್ಟೆ. ಅವರು ಓದಿ, ನನ್ನನ್ನು ನೋಡದೆ, "ಕಡತಕ್ಕೆ ಸೇರಿಸುತ್ತೇವೆ" ಎಂದರು. ಅಷ್ಟಕ್ಕೇ ಊರಿನಲ್ಲಿ ಸುದ್ದಿಯಾಯಿತು. ಪಕ್ಕದ ಬೈಲಿನ ಆ ಕೃಷಿಕರು ನನ್ನನ್ನು ಕಂಡರೆ ಮುಖ ತಿರುಗಿಸತೊಡಗಿದರು. "ಪ್ರಾಯ ಆದ ಮೇಲೆ ಮಂಡೆ ಸರಿ ಇಲ್ಲ ಇವರಿಗೆ," ಎಂದು ಅಧ್ಯಕ್ಷರು ಅಂಗಡಿಯಲ್ಲಿ ಹೇಳಿದರಂತೆ. ಅದರಿಂದ ನನಗೆ ಬೇಸರವಾಗಲಿಲ್ಲ. ನಿಜ ಹೇಳಬೇಕೆಂದರೆ ಸ್ವಲ್ಪ ಹೆಮ್ಮೆಯೇ ಆಯಿತು. ನಾಲ್ಕು ಜನರನ್ನು ಎದುರು ಹಾಕಿಕೊಂಡು ಸತ್ಯ ಹೇಳಿದೆ ಎಂದು ನನಗೆ ನಾನೇ ಬೆನ್ನು ತಟ್ಟಿಕೊಂಡೆ.

ಆ ಹೆಮ್ಮೆಯಲ್ಲೇ, ಸೀಲು ಬಿದ್ದ ಪ್ರತಿ ಹಿಡಿದುಕೊಂಡು ಅಕ್ಕನ ಮನೆಗೆ ಹೋದೆ. ಮಧ್ಯಾಹ್ನದ ಬಿಸಿಲು. ಅಕ್ಕ ಜಗಲಿಯಲ್ಲಿ ಕೂತು ಅಡಕೆ ಸುಲಿಯುತ್ತಿದ್ದರು. "ಬನ್ನಿ, ಕೂತ್ಕೊಳ್ಳಿ," ಎಂದರು, ಯಾರಿಗಾದರೂ ಹೇಳುವ ಹಾಗೆ. ನಾನು ಹಾಳೆ ಕೊಟ್ಟು ವಿಷಯ ಹೇಳಿದೆ. ತಪ್ಪಾಯಿತು ಅಕ್ಕ ಎಂದೂ ಹೇಳಿದೆ. ಕಣ್ಣಿನಲ್ಲಿ ನೀರು ಬಂತು, ಅದು ಸುಳ್ಳಲ್ಲ. ಅವರು ಹಾಳೆಯನ್ನು ಓದದೆ ಪಕ್ಕದಲ್ಲಿಟ್ಟು, ಗಾಳಿಗೆ ಹಾರದ ಹಾಗೆ ಅದರ ಮೇಲೆ ನಾಲ್ಕು ಅಡಕೆ ಇಟ್ಟರು.

"ಕೊಟ್ಟದ್ದು ಒಳ್ಳೆಯದಾಯ್ತು," ಎಂದರು. ಸೊಸೆಯನ್ನು ಕರೆದು, "ಮಾಷ್ಟ್ರಿಗೆ ಬಾಯಾರಿಕೆಗೆ ಕೊಡು" ಎಂದರು.

ನಮ್ಮಲ್ಲಿ ಮನೆಗೆ ಬಂದವರಿಗೆ ಮೊದಲು ಬೆಲ್ಲ, ನೀರು. ಸೊಸೆ ತಟ್ಟೆಯಲ್ಲಿ ಬೆಲ್ಲದ ಚೂರುಗಳನ್ನೂ ಸ್ಟೀಲ್ ಲೋಟದಲ್ಲಿ ನೀರನ್ನೂ ತಂದು ನನ್ನ ಮುಂದಿಟ್ಟಳು. ನಾನು ಬೆಲ್ಲ ಬಾಯಿಗೆ ಹಾಕಿಕೊಂಡು ಲೋಟ ನೋಡಿದೆ. ನೀರು ಚಾದ ಹಾಗೆ ಕೆಂಪಗಿತ್ತು. ತಳದಲ್ಲಿ ನುಣ್ಣನೆ ಮಣ್ಣು ಕೂತಿತ್ತು.

"ಎರಡು ಸಲ ಬಟ್ಟೆಯಲ್ಲಿ ಸೋಸಿ ಕುದಿಸಿದ್ದು ಮಾಷ್ಟ್ರೆ," ಎಂದಳು ಸೊಸೆ, ತಪ್ಪು ತನ್ನದೇ ಎಂಬ ಹಾಗೆ. "ಬಣ್ಣ ಮಾತ್ರ ಹೋಗುದಿಲ್ಲ."

ಅಕ್ಕ ಅಡಕೆ ಸುಲಿಯುವುದನ್ನು ನಿಲ್ಲಿಸಿ ನನ್ನನ್ನೇ ನೋಡುತ್ತಿದ್ದರು. ಕೈ ಲೋಟದ ಹತ್ತಿರ ಹೋಯಿತು. ಅಲ್ಲಿಂದ ಹಿಂದಕ್ಕೆ ಬಂತು.

"ನನಗೆ ಬಾಯಾರಿಕೆ ಇಲ್ಲ ಅಕ್ಕ," ಎಂದೆ.

ಅವರು ಕೈ ಚಾಚಿ, ನನ್ನ ಮುಂದಿನ ಲೋಟ ಎತ್ತಿಕೊಂಡು, ಅಷ್ಟನ್ನೂ ಕುಡಿದು ಕೆಳಗಿಟ್ಟರು. ಮತ್ತೆ ಅಡಕೆ ಸುಲಿಯತೊಡಗಿದರು. ನಾನು ಬೆಲ್ಲ ಮಾತ್ರ ತಿಂದು ಎದ್ದು ಬಂದೆ.